ಏಳನೆಯ ಚಿಪ್ಪು

ಟಕ್.

ಅಷ್ಟೇ. ಪ್ಲಾಸ್ಟಿಕ್ಕಿಗೆ ಏನೋ ಗಟ್ಟಿಯಾದದ್ದು ತಗುಲಿದ ಹಾಗೆ. ಅವಳು ಕತ್ತಲಲ್ಲಿ ಕಣ್ಣು ಬಿಟ್ಟಳು. ನಿದ್ದೆಯೇನೂ ಹತ್ತಿರಲಿಲ್ಲ, ಮಧ್ಯಾಹ್ನದಿಂದ ಮನಸ್ಸು ಒಂದೇ ಕಡೆ ಗಿರಕಿ ಹೊಡೆಯುತ್ತಿತ್ತು. ಪಕ್ಕದ ಮಂಚದಲ್ಲಿ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿರಬೇಕು ಅಂದುಕೊಂಡು ಹೊದಿಕೆ ಎಳೆದುಕೊಂಡಳು. ಮತ್ತೆ ಟಕ್. ಆಮೇಲೆ ಸರ್ರನೆ ಕೆರೆದ ಸದ್ದು. ನಲ್ಲಿ ಕೆರೆಯುವುದಿಲ್ಲ.

ಸದ್ದು ಬಂದದ್ದು ಬಾಗಿಲ ಪಕ್ಕ ಇಟ್ಟಿದ್ದ ಅವಳ ಡಬ್ಬಿಯಿಂದ.

ಅದರಲ್ಲಿದ್ದದ್ದು ಹದಿನೈದು ಖಾಲಿ ಚಿಪ್ಪುಗಳು. ಕಡಲಂಚಿನ ಆ ವಿಜ್ಞಾನ ಕೇಂದ್ರದಲ್ಲಿ ಅವಳಿಗೆ ಬೇಸಿಗೆಯ ಹತ್ತು ವಾರಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಕೆಲಸವೆಂದರೆ ಮಕ್ಕಳು ಕೈಯಾಡಿಸಲೆಂದೇ ಕಟ್ಟಿದ್ದ ಸೊಂಟದೆತ್ತರದ ತೊಟ್ಟಿಯ ಬಳಿ ನಿಂತು ಸಮುದ್ರದ ಜೀವಿಗಳ ಬಗ್ಗೆ ಹೇಳುವುದು. ತೊಟ್ಟಿಯಲ್ಲಿ ಹನ್ನೆರಡು ಸನ್ಯಾಸಿ ಏಡಿಗಳಿದ್ದವು. ಸತ್ತ ಶಂಖದಹುಳುಗಳ ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವವು. ಬೆಳೆದ ಏಡಿ ಯಾವ ಚಿಪ್ಪಿಗೆ ಮನೆ ಬದಲಾಯಿಸೀತು ಎಂದು ಮಕ್ಕಳು ಊಹಿಸುವ ಆಟಕ್ಕೆಂದು ಅವಳು ಈ ಹದಿನೈದರ ಬೆನ್ನ ಮೇಲೂ ನೀರಿಗೆ ಅಳಿಯದ ಕಪ್ಪು ಮಸಿಯಲ್ಲಿ ಸಂಖ್ಯೆ ಬರೆದಿದ್ದಳು. ಆಟ ಹಿಡಿಸಿದ ಮಕ್ಕಳು ಅವಳನ್ನು ಚಿಪ್ಪಕ್ಕ ಎಂದು ಕರೆಯತೊಡಗಿದ್ದರು. ಸಂಜೆ ಚಿಪ್ಪುಗಳನ್ನು ಡಬ್ಬಿಗೆ ತುಂಬಿ, ಪಾಚಿ ಒಣಗಿ ಅಂಟಿಕೊಳ್ಳದಿರಲೆಂದು ಒಂದು ಜಗ್ಗು ತೊಟ್ಟಿಯ ನೀರು ಸುರಿದು, ತಾನು ಉಳಿದುಕೊಂಡಿದ್ದ ಅಕ್ಕನ ಮನೆಗೆ ತಂದು ಬ್ರಷ್ಷಿನಿಂದ ಉಜ್ಜಿಡುವುದು ರೂಢಿ. ಇವತ್ತು ಉಜ್ಜುವ ಮನಸ್ಸಾಗಿರಲಿಲ್ಲ.

ಎದ್ದು ಮೊಬೈಲಿನ ಬೆಳಕು ಹಾಕಿ ಮುಚ್ಚಳ ತೆಗೆದಳು. ಚಿಪ್ಪುಗಳ ನಡುವೆ ಸಂಖ್ಯೆಯಿಲ್ಲದ, ತುದಿ ಮುರಿದ ಒಂದು ಕಂದು ಚಿಪ್ಪು. ಅದರಿಂದ ಎರಡು ಕಡ್ಡಿಕಣ್ಣುಗಳು ಹೊರಗೆ ಬಂದು ಅವಳನ್ನು ನೋಡಿದವು.

ಅವಳು ಮುಚ್ಚಳ ಹಿಡಿದುಕೊಂಡೇ ನೆಲದ ಮೇಲೆ ಕೂತಳು.

ಆ ಮಧ್ಯಾಹ್ನ ಬಂದಿದ್ದದ್ದು ಮೂರು ದಿನದ ಬೇಸಿಗೆ ಶಿಬಿರದ ಮಕ್ಕಳು. ಅವರು ಹೊರಡುವ ಮುಂಚೆ ಏಡಿಗಳನ್ನು ಎಣಿಸಬೇಕು. ಹನ್ನೆರಡು ಸಿಕ್ಕ ಮೇಲೆಯೇ ಬಸ್ಸು ಎನ್ನುವುದು ತೊಟ್ಟಿ ಮಾಮನ ಕಟ್ಟಪ್ಪಣೆ. ತೊಟ್ಟಿಗಳ ನೀರು, ಪಂಪು, ಮೀನಿನ ಊಟ ಎಲ್ಲ ನೋಡಿಕೊಳ್ಳುವ ಆ ಹಿರಿಯನನ್ನು ಕೇಂದ್ರದವರೆಲ್ಲ ಹಾಗೇ ಕರೆಯುತ್ತಿದ್ದರು. ಇವತ್ತು ಹನ್ನೊಂದೇ ಇದ್ದವು. ಎರಡು ಸಲ ಎಣಿಸಿದರೂ ಹನ್ನೊಂದು. ಒಬ್ಬಳು ಪುಟ್ಟ ಹುಡುಗಿ ಅಷ್ಟು ಹೊತ್ತೂ ತೊಟ್ಟಿಯಂಚು ಬಿಡದೆ ನಿಂತಿದ್ದಳು. ಬಲಗೈ ಜೇಬಿನೊಳಗೇ ಇತ್ತು. ಮಕ್ಕಳ ಕೈ ನೋಡುತ್ತಿರುವುದೇ ತನ್ನ ಕೆಲಸ ಎಂದು ತಿಳಿದಿದ್ದವಳಿಗೆ ಅದು ಕಣ್ಣಿಗೆ ಬಿದ್ದಿತ್ತು.

"ಜೇಬಲ್ಲಿ ಏನಿದೆ ಪುಟ್ಟಾ, ತೋರಿಸು" ಅಂದಿದ್ದಳು. ಮೆತ್ತಗೇ ಅಂದಿದ್ದಳು, ಆದರೆ ಎಲ್ಲರೆದುರು. ಹುಡುಗಿ ತಲೆಯಾಡಿಸಿದಾಗ ತಾನೇ ಬಗ್ಗಿ ಆ ಕೈಯನ್ನು ಹೊರಗೆಳೆದಿದ್ದಳು. ಒಂದು ಹೇರ್‌ಕ್ಲಿಪ್, ಕಚ್ಚಿದ ರಬ್ಬರು, ಮಡಚಿದ ಕಾಗದ. ಕಾಗದ ಬಿಚ್ಚಿದರೆ ಹಾಲುಹಲ್ಲು. "ಬೆಳಿಗ್ಗೆ ಬಿತ್ತು. ಅಮ್ಮಂಗೆ ತೋರಿಸ್ಬೇಕು" ಅಂದಿತು ಮಗು. ಯಾರೋ ಕಿಸಕ್ಕನೆ ನಕ್ಕರು. ಕಾಗದವನ್ನು ಅವಸರದಲ್ಲಿ ಮಡಚಲು ಹೋದಾಗ ಹಲ್ಲು ಜಾರಿ ಒದ್ದೆ ನೆಲದ ಮೇಲೆ ಉರುಳಿ ನೀರು ಹೋಗುವ ಜಾಲರಿಯೊಳಗೆ ಬಿದ್ದುಹೋಯಿತು. ಹುಡುಗಿ ಅಳಲಿಲ್ಲ. ಜಾಲರಿಯನ್ನೇ ನೋಡುತ್ತ ನಿಂತಿದ್ದಳು. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

ಶಿಬಿರದ ಟೀಚರ್ ನಮ್ಮ ಮಕ್ಕಳೇನು ಕಳ್ಳರೇ ಎಂದು ಏರಿ ಬಂದಿದ್ದರು. ಕೇಂದ್ರದ ಮೇಡಂ ಇಬ್ಬರ ನಡುವೆ ನಿಂತು ಸಮಾಧಾನ ಮಾಡಿ, ಹೋಗುವಾಗ ಇವಳಿಗೆ ನಾಳೆ ಹನ್ನೊಂದಕ್ಕೆ ಬಂದು ಕಾಣು ಎಂದಿದ್ದರು. ಬೇಸಿಗೆಯ ಇಬ್ಬರು ಇಂಟರ್ನ್‌ಗಳಲ್ಲಿ ಒಬ್ಬರನ್ನು ವರ್ಷಕ್ಕೆ ಉಳಿಸಿಕೊಳ್ಳುವುದು ಮೊದಲೇ ತಿಳಿದಿತ್ತು. ಇನ್ನೊಬ್ಬ ಸೂಕ್ಷ್ಮದರ್ಶಕದ ಬಳಿ ಕೂರುವ ಕನ್ನಡಕದವನು. ಅವನ ಮೇಲೆ ಯಾವ ದೂರೂ ಇರಲಿಲ್ಲ. ಉಳಿಸಿಕೊಳ್ಳದಿದ್ದರೆ ಅವಳು ಅಪ್ಪನ ಜೆರಾಕ್ಸ್ ಅಂಗಡಿಯ ಸ್ಟೂಲಿಗೆ ವಾಪಸು. ಕಡಲಿಗೂ ಆ ಸ್ಟೂಲಿಗೂ ನಡುವೆ ಒಂದಿಡೀ ದಿನದ ಪ್ರಯಾಣವಿತ್ತು.

ಈಗ ನೆನಪಾಯಿತು. ಗದ್ದಲ ಶುರುವಾಗುವ ಮುಂಚೆ ತೊಟ್ಟಿಯಂಚಿನಲ್ಲಿದ್ದ ಒಂದು ಚಿಪ್ಪನ್ನು ತಿರುಗಿಸಿಯೂ ನೋಡದೆ ಡಬ್ಬಿಗೆ ಹಾಕಿದ್ದು ಅವಳೇ.

"ಏನೇ ಅದು?" ಅಕ್ಕನ ದನಿ ನಿದ್ದೆಯಲ್ಲಿ ಎಡವುತ್ತ ಬಂತು.

"ಏನಿಲ್ಲ, ಮಲ್ಕೋ. ಇಲಿ ಇರ್ಬೇಕು."

"ಏನಿಲ್ಲ ಅಂತೀಯ, ಇಲಿ ಅಂತೀಯ. ಯಾವುದಾದ್ರೂ ಒಂದು ಹೇಳು" ಎಂದು ಗೊಣಗಿ ಅಕ್ಕ ಮಗ್ಗುಲಾದಳು.

ಡಬ್ಬಿಯೊಳಗೆ ಏಡಿ ಇನ್ನೊಂದು ಚಿಪ್ಪಿನ ಬಾಯಿಗೆ ಕೊಂಡಿಗಾಲು ತೂರಿಸಿ ಅಳೆಯುತ್ತಿತ್ತು. ಅದನ್ನು ಉರುಳಿಸಿತು, ನಿಲ್ಲಿಸಿತು, ಒಳಗೆಲ್ಲ ತಡವಿತು. ಬಾಡಿಗೆಗೆ ಮನೆ ನೋಡಲು ಬಂದವರು ಗೋಡೆ ತಟ್ಟಿ ನೋಡುವ ಹಾಗೆ. ಆಮೇಲೆ ಹಳೆಯ ಚಿಪ್ಪಿನಿಂದ ಪೂರ್ತಿ ಹೊರಗೆ ಬಂತು. ಹಿಂಭಾಗ ಅಷ್ಟು ಮೆತ್ತಗೆ, ಎಳೆಗೂಸಿನ ಕಿವಿಯ ಹಾಗೆ ಸುರುಳಿಯಾಗಿ, ಯಾವ ರಕ್ಷಣೆಯೂ ಇಲ್ಲದೆ ಮೊಬೈಲಿನ ಬೆಳಕಿನಲ್ಲಿ ನಡುಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಗೋಡೆಯ ಚಿತ್ರ ತೋರಿಸಿ ಇದನ್ನೇ ವಿವರಿಸುತ್ತಿದ್ದವಳು ಕಣ್ಣಾರೆ ಕಂಡದ್ದು ಇದೇ ಮೊದಲು. ರೆಪ್ಪೆ ಬಡಿಯುವಷ್ಟರಲ್ಲಿ ಅದು ಹೊಸ ಚಿಪ್ಪಿನೊಳಗೆ ಹಿಮ್ಮುಖವಾಗಿ ಸೇರಿಕೊಂಡಿತು. ಅವಳಿಗೆ ಒಂದು ಕ್ಷಣ ಸಂತೋಷವೇ ಆಯಿತು.

ಮರುಕ್ಷಣ ಕಂಡದ್ದು ಅದರ ಬೆನ್ನ ಮೇಲಿನ ಏಳು. ಅವಳದೇ ಕೈಬರಹದ, ಬಾಲ ಉದ್ದವಾದ ಏಳು. ಏಡಿ ಅವಳ ಡಬ್ಬಿಯಲ್ಲಿತ್ತೆಂದು ನೋಡಿದವರಿಗೆಲ್ಲ ಹೇಳುವ ಏಳು.

ಹೊರಗೆ ಎಳೆಯುವ ಹಾಗಿಲ್ಲ; ಎಳೆದರೆ ಹರಿದು ಸಾಯುತ್ತದೆಯೇ ಹೊರತು ಹಿಡಿತ ಬಿಡುವುದಿಲ್ಲ. ಇದನ್ನೂ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ಅವಳೇ. ಉಗುರಿನಿಂದ ಕೆರೆದಳು. ಪೆನ್ಸಿಲ್ ಹೆರೆಯುವ ಬ್ಲೇಡು ತಂದು ಒಂದೆರಡು ಸಲ ಎಳೆದಳು. ಒಳಗಿನಿಂದ ಬೆರಳತುದಿಗೆ ಸಣ್ಣ ಕಂಪನ ಬಂತು. ಬ್ಲೇಡು ಕೆಳಗಿಟ್ಟಳು. ಬೆಳಗಾಗುವವರೆಗೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಡಂಗೆ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದಳು. ಯಾವ ಬಗೆಯಲ್ಲಿ ಶುರುಮಾಡಿದರೂ ಅದು ಆ ಜಾಲರಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಮೊದಲ ಬಸ್ಸಿಗೆ ಹೋದಳು. ತೊಟ್ಟಿ ಮಾಮ ಆಗಲೇ ಬಂದು ಮೂಲೆಯಲ್ಲಿ ಪಂಪಿನ ಸ್ಪಂಜು ಹಿಂಡುತ್ತಿದ್ದ. ಅವನ ಬೆನ್ನು ಈ ಕಡೆಗಿತ್ತು. ಏಡಿಯನ್ನು ಕಲ್ಲಿನ ಹಿಂದೆ ಇಳಿಬಿಟ್ಟಳು. ಆಮೇಲೆ ಮಂಡಿಯೂರಿ ಜಾಲರಿ ಎತ್ತಿ ಮೊಣಕೈವರೆಗೂ ಕೈ ತೂರಿಸಿದಳು. ಮರಳು, ಒಂದು ಗುಂಡಿ, ಮೀನಿನ ಮುಳ್ಳು. ಮತ್ತೆ ಮರಳು.

"ಏನು ಬಿದ್ದೋಯ್ತಮ್ಮಾ?" ಮಾಮ ಹಿಂದೆ ಬಂದು ನಿಂತಿದ್ದ.

ಅವಳು ಜಾಲರಿ ಮತ್ತೆ ಮುಚ್ಚಿದಳು. ಅವನು ತೊಟ್ಟಿಯ ಮೇಲೆ ಬಗ್ಗಿ ರೂಢಿಯಂತೆ ಬೆರಳಾಡಿಸುತ್ತ ಎಣಿಸಿದ. ಹನ್ನೆರಡಕ್ಕೆ ಬಂದವನು ಅಲ್ಲೇ ನಿಂತ. ಕಲ್ಲಿನ ಹಿಂದಿನಿಂದ ಏಡಿ ನಿಧಾನವಾಗಿ ಹೊರಗೆ ಬರುತ್ತಿತ್ತು.

"ಹೆಸರಿಗೆ ಸನ್ಯಾಸಿ. ಮನೆ ಇಲ್ದೆ ಒಂದು ಗಳಿಗೆ ಇರಲ್ಲ. ಇದು ನೋಡು, ಬಾಗಿಲ ನಂಬರ್ ಸಮೇತ ಹಿಡಿದಿದೆ."

"ಮಾಮ, ಅದು ನಿನ್ನೆ..."

"ಮೇಡಂ ಕೇಳಿದ್ರೆ ಕಲ್ಲಿನ ಸಂದಿಲಿತ್ತು ಅಂತೀನಿ" ಎಂದು ಮಾಮ ಸ್ಪಂಜು ಕೊಡವಿದ. "ನೀನೇನು ಅಂತೀಯೋ ನಿಂಗೆ ಬಿಟ್ಟಿದ್ದು."

ಹನ್ನೊಂದಕ್ಕೆ ಮೇಡಂ ಕೋಣೆಯಲ್ಲಿ ಫ್ಯಾನು ಕಾಗದಗಳನ್ನು ಎಬ್ಬಿಸುತ್ತಿತ್ತು. ಏಡಿ ಸಿಕ್ಕಿತಂತಲ್ಲ, ಕಲ್ಲಿನ ಸಂದಿಯಲ್ಲಿ ಇತ್ತಂತಲ್ಲ ಎಂದು ಅವರೇ ಕೇಳಿ, ಅವರೇ ಒಪ್ಪಿಕೊಂಡರು. ಅವಳು ಬಾಯಿ ತೆರೆದಳು. ಜೋಡಿಸಿಟ್ಟಿದ್ದ ಹತ್ತು ಬಗೆಗಳಲ್ಲಿ ಒಂದನ್ನು ಆರಿಸುವಷ್ಟರಲ್ಲಿ ಮೇಡಂ ಆಗಲೇ ಮುಂದಕ್ಕೆ ಹೋಗಿದ್ದರು. ಶಿಬಿರದವರಿಗೆ ಫೋನ್ ಮಾಡಿ ತಿಳಿಸಿದ್ದಾಗಿತ್ತು. ಮಕ್ಕಳ ಜೊತೆ ಇನ್ನಷ್ಟು ನಾಜೂಕು ಬೇಕು, ಆದರೆ ಕಣ್ಣು ಚುರುಕಾಗಿರುವವರೇ ತೊಟ್ಟಿಗೆ ಬೇಕು ಎಂದರು.

"ಮುಂದಿನ ತಿಂಗಳಿಂದ ನೀನೇ ಇರು. ಆ ಹುಡುಗನಿಗೆ ನಾನು ಹೇಳ್ತೀನಿ. ಏನಂತೀಯ?"

"ಹೂಂ ಮೇಡಂ" ಅಂದಳು. ತನ್ನ ದನಿ ಪಕ್ಕದ ಕೋಣೆಯಿಂದ ಕೇಳಿಸಿದಂತಿತ್ತು.

ಮಧ್ಯಾಹ್ನ ಶಿಬಿರದ ಬಸ್ಸು ಬಂತು. ಆ ಹುಡುಗಿ ಬಂದಿರಲಿಕ್ಕಿಲ್ಲ ಎಂದುಕೊಂಡಿದ್ದಳು, ಬಾರದಿದ್ದರೆ ಸಾಕು ಎಂದೂ. ಹುಡುಗಿ ಎಲ್ಲರಿಗಿಂತ ಕೊನೆಯಲ್ಲಿ ಇಳಿದು ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಹಿಡಿದುಕೊಂಡೇ ಒಳಗೆ ಬಂದಳು. ಹಾಗೆಂದು ಯಾರೂ ಹೇಳಿರಲಿಲ್ಲ.

ಚಿಪ್ಪಕ್ಕ ತೊಟ್ಟಿಯಿಂದ ಒಂದು ಏಡಿಯನ್ನು ಎತ್ತಿದಳು. ಕೈಗೆ ಬಂದದ್ದು ಅದೇ ಏಳು. ಬೆನ್ನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಶುರುಮಾಡಿದಳು. ಇದು ಯಾರದೋ ಮನೆ, ಕಡಲಂಚಿನಲ್ಲಿ ಚಿಪ್ಪು ಕಂಡರೆ ಒಯ್ಯಬಾರದು, ಖಾಲಿ ಅಂತ ನಮಗೆ ಕಾಣುತ್ತೆ ಅಷ್ಟೇ. ಪ್ರತಿದಿನದ ಮಾತುಗಳೇ, ಇವತ್ತು ಒಂದೊಂದೂ ಎಡವುತ್ತಿದ್ದವು. ಅಂಗೈ ಒದ್ದೆಯಾಗಿತ್ತು, ಹೆಬ್ಬೆರಳು ಜಾರಿತು.

ಹುಡುಗಿ ಮುಂದಿನ ಸಾಲಿಗೆ ಬಂದಿದ್ದಳು. ಚಿಪ್ಪನ್ನು ನೋಡಿದಳು. ಅಲ್ಲಿಂದ ಮೇಜಿನ ಮೇಲೆ ತೆರೆದಿದ್ದ ಡಬ್ಬಿಯ ಕಡೆ. ನಿನ್ನೆಯ ಆಟದಲ್ಲಿ ಆ ಏಳನ್ನೇ ಆರಿಸಿಕೊಂಡಿದ್ದವಳು, ಅದು ಖಾಲಿಯಾಗಿಯೇ ಡಬ್ಬಿಗೆ ಮರಳಿದ್ದನ್ನು ನೋಡಿದ್ದವಳು ಇವಳು. ತುಟಿಯಲ್ಲೇ ಚಿಪ್ಪುಗಳನ್ನು ಎಣಿಸಿ, ಕೊನೆಗೆ ಚಿಪ್ಪಕ್ಕನ ಮುಖ ನೋಡಿದಳು. ಬಾಯಿ ಅರೆ ತೆರೆದಿತ್ತು, ಹಲ್ಲು ಬಿದ್ದ ಜಾಗ ಕಾಣುತ್ತಿತ್ತು.

"ನಿನ್ನ ಹಲ್ಲು..." ಅಂದಳು ಚಿಪ್ಪಕ್ಕ, ಅವಳಿಗೆ ಮಾತ್ರ ಕೇಳುವಷ್ಟು.

"ಇನ್ನೊಂದು ಅಲ್ಲಾಡ್ತಿದೆ" ಅಂದಿತು ಮಗು. ಎರಡೂ ಅಂಗೈ ಚಾಚಿತು. "ನಂಗೆ ಕೊಡ್ತೀರಾ?"

ಏಡಿಯನ್ನು ಆ ಕೈಗಳಲ್ಲಿ ಇಟ್ಟಳು. ಹಿಂದಿನವರು ನೂಕಿಕೊಂಡು ಮುಂದೆ ಬಂದರು. ಎತ್ತರದ ಹುಡುಗನೊಬ್ಬ ಕತ್ತು ಚಾಚಿ, ಅದರ ಮೇಲೆ ಏನೋ ಬರೆದಿದೆಯಲ್ಲ, ಏನದು ಎಂದು ಕೇಳಿದ.

"ಏನಿಲ್ಲ" ಅಂದಳು ಹುಡುಗಿ, ತಲೆಯೆತ್ತದೆ. ತನ್ನ ಪುಟ್ಟ ಹೆಬ್ಬೆರಳನ್ನು ಏಳರ ಮೇಲೆ ಇಟ್ಟು, ಉದ್ದ ಬಾಲವೂ ಕಾಣದ ಹಾಗೆ ಇನ್ನಷ್ಟು ಸರಿಸಿಕೊಂಡಳು.