ಕಡಲ ಮರಳಿನ ಮನೆಗಳು

ಅಪ್ಪ ಗೊತ್ತಿದ್ದೇ ಮಾಡಿದ್ದನೇ, ಇಲ್ಲ ಗೊತ್ತಿಲ್ಲದೆಯೇ? ಮೂರು ದಿನದಿಂದ ಮಗನ ತಲೆಯನ್ನು ಇದೊಂದೇ ಪ್ರಶ್ನೆ ಕೊರೆಯುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಬಿಟ್ಟುಬಿಡಬಹುದು. ಹಳೆ ಕಾಲದ ಮೇಸ್ತ್ರಿ, ಓದು ಬರಹ ಅಷ್ಟಕ್ಕಷ್ಟೆ. ಗೊತ್ತಿದ್ದೂ ಮಾಡಿದ್ದರೆ? ಯೋಚನೆ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು.

"ಯಾಕೋ ಹಿಂದೆ ಬಿದ್ದೆ? ಆಪರೇಷನ್ ಆಗಿದ್ದು ನನ್ನ ಎದೆಗೆ, ನಿನ್ನ ಕಾಲಿಗಲ್ಲವಲ್ಲ!" ಮುಂದಿನಿಂದ ಅಪ್ಪ ಕೂಗಿದ.

ದಿನಾ ಸಂಜೆ ನಿಧಾನವಾಗಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ರಜೆ ಹಾಕಿ ಬಂದಿದ್ದ ಮಗ ಜೊತೆಗೆ ಹೋಗುತ್ತಿದ್ದ. ಅಪ್ಪನಿಗೆ ಕಡಲಂಚಿನ ಈ ಹಳೆ ಬಡಾವಣೆಯೇ ಆಗಬೇಕು, ತಾನು ಕಟ್ಟಿದ ಮನೆಗಳ ಮುಂದೆಯೇ ಹಾಯಬೇಕು. ಇಲ್ಲಿ ಒಂದು ಮನೆಯ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಅರಮನೆಯ ಕಂಬ, ಒಂದಕ್ಕೆ ಗುಂಡು ಕಿಟಕಿ, ಇನ್ನೊಂದರ ಗೋಡೆ ತುಂಬ ಒಡೆದ ಪಿಂಗಾಣಿ ಚೂರು, ಬೀದಿಯ ಕೊನೆಯದಕ್ಕೆ ಹಡಗಿನ ಮೂತಿ.

"ಯಾರು ಯಾವ ಚಿತ್ರ ಹಿಡ್ಕೊಂಡು ಬಂದ್ರೂ ಆಗಲ್ಲ ಅಂದವನಲ್ಲ ನಾನು. ಆ ಹಡಗು ಮನೆ ಕಟ್ಟಿಸಿದವನು ಹುಟ್ಟಿದಾಗಿಂದ ದೋಣಿ ಹತ್ತಿದವನಲ್ಲ. ನೀರು ನೋಡಿದ್ರೆ ವಾಂತಿ ಬರ್ತಿತ್ತಂತೆ!"

ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ಮಗ ನಗಲಿಲ್ಲ. ಸೇತುವೆಗಳ ಕಂಬ ತಪಾಸಣೆ ಮಾಡುವ ಇಂಜಿನಿಯರ್ ಅವನು. ಕಣ್ಣು ಹೋಗಬಾರದ ಕಡೆಗೇ ಹೋಗುತ್ತಿತ್ತು. ಸಜ್ಜಾಗಳ ಅಂಚಿನಿಂದ ಕೀವು ಒಸರಿದಂತೆ ತುಕ್ಕಿನ ನೀರು ಇಳಿದಿತ್ತು. ಕಾಂಕ್ರೀಟು ಬಾಯಿ ಬಿಟ್ಟಲ್ಲಿ ಕಬ್ಬಿಣದ ಸರಳುಗಳು ಹುಳುಕು ಹಲ್ಲಿನ ಹಾಗೆ ಕಾಣುತ್ತಿದ್ದವು. ಚರಂಡಿಯ ನಾತ, ದಡದಲ್ಲಿ ಕೊಳೆತ ಪಾಚಿಯ ನಾತ ಸೇರಿ ಬರುತ್ತಿತ್ತು. ಅಂಥ ಗೋಡೆಗೆ ಒರಗಿ ನಿಂತು ಇಬ್ಬರು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಮಗ ಗೋಡೆಯ ಬುಡದಲ್ಲಿ ಹೂವಿನಂತೆ ಎದ್ದಿದ್ದ ಬಿಳಿ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನಾಲಗೆಗೆ ಮುಟ್ಟಿಸಿದ. ಬರೀ ಉಪ್ಪು. ಥೂ ಎಂದು ಉಗಿದ.

"ಅಪ್ಪ, ಇದಕ್ಕೆಲ್ಲ ಮರಳು ಎಲ್ಲಿಂದ ತಂದೆ?"

"ಎಲ್ಲಿಂದ ಅಂದ್ರೆ? ಕಡಲು ಬಾಗಿಲಿಗೇ ತಂದು ಸುರೀತಿರುವಾಗ ಹೊಳೆಗೆ ಲಾರಿ ಕಳಿಸೋಕೆ ನನಗೇನು ಹುಚ್ಚಾ?"

"ತೊಳೆಸಿದ್ದೆಯಾ?"

"ಕುಡಿಯೋಕೇ ಸಿಹಿನೀರಿಗೆ ಗತಿ ಇರ್ಲಿಲ್ಲ, ಮರಳಿಗೆ ಸ್ನಾನ ಮಾಡಿಸ್ತಾ ಕೂರೋದಾ?"

"ನಮ್ಮ ಮನೆಗೆ?"

ಅಪ್ಪ ನಿಂತ. ಮುಖದಲ್ಲಿ ಅಳುಕು ಹಾಗಿರಲಿ, ಒಂದು ಜಂಬವೇ ಇತ್ತು. "ನಮ್ಮನೆಗೆ ಹೊಳೆ ಮರಳು ಕಣೋ. ಎಂಟು ಲಾರಿ. ಇವತ್ತಿಗೂ ಒಂದು ಕೂದಲೆಳೆ ಬಿರುಕು ತೋರಿಸು ನೋಡೋಣ. ಸ್ವಂತ ಮನೆಗೆ ಯಾರಾದ್ರೂ ಉಪ್ಪು ತುಂಬ್ತಾರಾ?"

ಪರೀಕ್ಷೆಯ ದಿನಗಳಲ್ಲಿ ಮಗ ಆ ಮನೆಯ ಒಣ ಗೋಡೆಗೇ ಬೆನ್ನು ಕೊಟ್ಟು ಕೂತು ಓದಿದ್ದ. ಉಪ್ಪು ಕಬ್ಬಿಣವನ್ನು ತಿನ್ನುವ ಪಾಠವನ್ನೂ ಅಲ್ಲೇ ಬಾಯಿಪಾಠ ಮಾಡಿದ್ದ. ಅಪ್ಪ ಹೆಗಲ ಮೇಲೆ ಇಟ್ಟ ಕೈಯನ್ನು ಅವನು ಜಾರಿಸಿಕೊಂಡ.

ಹಡಗು ಮನೆಯ ಬಾಲ್ಕನಿಯ ಕೆಳಗೆ ಬಾಡಿಗೆಗಿದ್ದ ದರ್ಜಿ ಹೆಂಗಸು ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದಳು. ಅವರನ್ನು ಕಂಡವಳೇ ಎದ್ದಳು.

"ಬನ್ನಿ ಮೇಸ್ತ್ರಿ ಅಣ್ಣ! ನಿಮ್ಮ ಹಡಗು ಮುಳುಗೋ ಹಾಗಿದೆ ನೋಡಿ. ಹೋದ ವಾರ ಇದು ಬಿತ್ತು."

ಅಂಗೈಯಗಲದ ಕಾಂಕ್ರೀಟ್ ಚಕ್ಕೆ. ಅಳತೆಯ ಚೀಟಿಗಳು ಗಾಳಿಗೆ ಹಾರದಂತೆ ಅದನ್ನೇ ಮೇಲೆ ಹೇರಿದ್ದಳು. ಮಗ ಎತ್ತಿ ತಿರುಗಿಸಿದ. ಒಡೆದ ಮೈಯಲ್ಲಿ ಪುಟ್ಟದೊಂದು ಕಪ್ಪೆಚಿಪ್ಪು ಇಡಿಯಾಗಿ ಕೂತಿತ್ತು.

"ಮುಳುಗೋದಾ? ನಿನ್ನ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರತ್ತೆ ಕಣಮ್ಮ," ಎಂದ ಅಪ್ಪ.

"ಮೊಮ್ಮಕ್ಕಳು ರಜೆಗೆ ಬಂದಿವೆ ಅಣ್ಣ, ಅದಕ್ಕೇ ಕೇಳಿದ್ದು. ಒಳಗೆ ಸೆಖೆ ಅಂತ ಇಲ್ಲೇ ಗಾಳಿಗೆ ಮಲಗ್ತವೆ." ಅವಳು ಮಗನ ಕಡೆ ತಿರುಗಿದಳು. "ನೀವು ಓದಿದವರು ಸಾರ್. ಒಂಚೂರು ನೋಡಿ ಹೇಳಿ. ಭಯ ಇಲ್ಲ ತಾನೆ?"

ಮಗ ತಲೆ ಎತ್ತಿದ. ಬಾಲ್ಕನಿ ಗೋಡೆಗೆ ಸೇರುವಲ್ಲಿ ಈ ತುದಿಯಿಂದ ಆ ತುದಿಗೆ ಬಿರುಕು ಹರಿದಿತ್ತು, ಬೆರಳು ತೂರುವಷ್ಟು. ನೋಡಲು ಇಂಜಿನಿಯರೇ ಬೇಕಿರಲಿಲ್ಲ. ಮುಂದಿನ ಮಳೆಗಾಲ ತಡೆಯುವುದೂ ಅನುಮಾನ. ಪಕ್ಕದಲ್ಲಿ ಅಪ್ಪ ಅವನ ಬಾಯನ್ನೇ ನೋಡುತ್ತಿದ್ದ. ಬೇಡುವ ಕಣ್ಣಲ್ಲ ಅದು. ಅಂಕಪಟ್ಟಿ ಓದಿ ಹೇಳುವುದನ್ನು ಕಾಯುತ್ತಿರುವವನ ಕಣ್ಣು.

ಆ ಕಣ್ಣು ಅವನಿಗೆ ಹೇಸಿಗೆ ಎನಿಸಿತು. ಅದಕ್ಕಿಂತ ಹೇಸಿಗೆ ಎನಿಸಿದ್ದು ತನ್ನದೇ ಬಾಯಿಂದ ಬಂದ ದನಿ.

"ನೀರು ಇಳೀತಿದೆ ಅಷ್ಟೆ. ಬಿರುಕಿಗೆ ಸಿಮೆಂಟ್ ತುಂಬಿಸಿ, ಒಂದು ಕೋಟ್ ಬಣ್ಣ ಹೊಡೆಸಿ."

"ನಾನು ಹೇಳಲಿಲ್ವಾ?" ಅಪ್ಪ ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕ.

"ಅಬ್ಬ, ನೀವು ಹೇಳಿದ ಮೇಲೆ ಮುಗೀತು ಸಾರ್." ಅವಳು ಹಗುರಾಗಿ ಒಳಗೆ ಕೂಗಿದಳು, "ಬನ್ರೋ, ಚಾಪೆ ತಗೊಂಡು ಬನ್ನಿ!"

ತಿರುವಿನಲ್ಲಿ ಮಗ ಒಮ್ಮೆ ನಿಂತ.

"ಏನೋ?" ಎಂದ ಅಪ್ಪ.

"ಏನಿಲ್ಲ."

ಎರಡು ದಿನ ಬಿಟ್ಟು ಅವನು ಕೆಲಸಕ್ಕೆ ಹೊರಟ. ಮಕ್ಕಳನ್ನು ಒಳಗೆ ಮಲಗಿಸಿ ಎಂದು ಆ ಹೆಂಗಸಿಗೆ ಅವನು ಹೇಳಲಿಲ್ಲ.