ಎಡಗೈ

ಮೂವತ್ತೊಂದನೆಯ ಬಲೂನೂ ಒಡೆಯಲಿಲ್ಲ. ಸೊಸೆ ಅದರ ಮೇಲಿನ ನೊರೆಯನ್ನೆಲ್ಲ ಕ್ಷೌರದ ಕತ್ತಿಯಿಂದ ಎಳೆದು ತೆಗೆದು ಕನ್ನಡಿಯ ಮುಂದೆ ಎತ್ತಿ ಹಿಡಿದಳು.

ಗಂಡ ತೀರಿಹೋಗಿ ಮೂರು ತಿಂಗಳಾಗಿತ್ತು. ಅವನ ಕ್ಷೌರದಂಗಡಿಯನ್ನು ಸೋಮವಾರದಿಂದ ಬೇರೊಬ್ಬನಿಗೆ ಬಿಟ್ಟುಕೊಡುವುದೆಂದು ಮೈದುನ ಮಾತಾಡಿ ಬಂದಿದ್ದ. ತಾನೇ ನಡೆಸುತ್ತೇನೆಂದು ಅವಳು ಹೇಳಿದಾಗ, "ಹೆಂಗಸಿನ ಕೈಗೆ ಯಾವ ಗಂಡಸು ಕತ್ತು ಕೊಡ್ತಾನೆ ಅತ್ತಿಗೆ?" ಎಂದು ನಕ್ಕಿದ್ದ. ಅಂದಿನಿಂದ ಅವಳು ಅಂಗಡಿಯ ಬಾಗಿಲು ಹಾಕಿಕೊಂಡು ಬಲೂನುಗಳ ಮೇಲೆ ಕ್ಷೌರ ಕಲಿಯುತ್ತಿದ್ದಳು.

ಬೆಂಚಿನ ಮೇಲಿದ್ದ ಅತ್ತೆ ಬಲೂನನ್ನು ನೋಡಿ ಮೂಗು ಮುರಿದಳು. "ಅದು ನಗಲ್ಲ, ಕೆಮ್ಮಲ್ಲ. ಹುಟ್ಟಾ ಬೋಳು. ಅದನ್ನ ಬೋಳಿಸಿದ್ದೇನು ದೊಡ್ಡ ಸಾಹಸ?"

"ಮತ್ತೆ ನಂಗೆ ಯಾರು ಸಿಗ್ತಾರೆ ಅತ್ತೆ?"

"ನಾನೇನು ಸತ್ತಿದೀನಾ?" ಅತ್ತೆ ಕುರ್ಚಿ ಹತ್ತಿ ಕೂತು, ತಾನೇ ಕೆನ್ನೆಗೆ ನೊರೆ ಬಳಿದುಕೊಂಡಳು.

ಕತ್ತಿ ಇಟ್ಟದ್ದೇ ತಡ, ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆಯಾಗಿ ಎದ್ದು ನಿಂತಿತು. ಗದ್ದದ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. ಸೊಸೆ ಕತ್ತಿಯನ್ನು ಹಿಂದಕ್ಕೆ ತೆಗೆದಳು. "ಬೇಡ ಬಿಡಿ ಅತ್ತೆ."

"ಇಷ್ಟಕ್ಕೇ ಬಿಟ್ಟರೆ ಆಯ್ತು! ಬ್ಲೇಡು ಬದಲಾಯಿಸು. ನೀನು ಕೂತ್ಕೋ, ಈಗ ನನ್ನ ಸರದಿ."

"ನಿಮಗೆ ಬರುತ್ತಾ?"

"ನಿನಗೇನು ಬರುತ್ತೆ?"

ಸೊಸೆ ಕಣ್ಣು ಮುಚ್ಚಿ ಕೂತಳು. ಕಿವಿಯ ಪಕ್ಕದಲ್ಲಿ ಅತ್ತೆಯ ಎಡಗೈ ಹೆಬ್ಬೆರಳು ಚರ್ಮವನ್ನು ಒತ್ತಿ ಮೇಲಕ್ಕೆಳೆಯಿತು. ಬಿಗಿಯಾದ ಕೆನ್ನೆಯ ಮೇಲೆ ಕತ್ತಿ ಸದ್ದಿಲ್ಲದೆ ಜಾರಿತು. ಅವಳು ತಟ್ಟನೆ ಕಣ್ಣು ಬಿಟ್ಟಳು. ಬಲೂನನ್ನು ಎಳೆದರೆ ಒಡೆಯುತ್ತದೆ. ಅದರ ಗಂಟನ್ನು ಹಿಡಿದುಕೊಂಡೇ ಅವಳ ಎಡಗೈ ಇಷ್ಟು ದಿನ ಸುಮ್ಮನಿರುವುದನ್ನು ಕಲಿತಿತ್ತು.

"ಇದನ್ನ ಎಲ್ಲಿ ಕಲಿತ್ರಿ?"

"ಇಬ್ಬರು ಗಂಡುಮಕ್ಕಳ ಮುಖ ಹಿಡಿದು ತೊಳೆದಿಲ್ವಾ?"

ನಾಲ್ಕು ದಿನ ಇಬ್ಬರೂ ಸರದಿಯ ಮೇಲೆ ಕೂತರು, ನಿಂತರು. ಒಬ್ಬಳ ತಪ್ಪನ್ನು ಇನ್ನೊಬ್ಬಳ ಕೆನ್ನೆ ಹೇಳುತ್ತಿತ್ತು. ಅತ್ತೆ ಅವಸರದವಳು, ಸೊಸೆ ಉಸಿರು ಹಿಡಿದುಬಿಡುವವಳು. ಬೈದುಕೊಂಡರು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕರು ಕೂಡ.

ಭಾನುವಾರ ಅಂಗಡಿಯ ಬೀಗದ ಕೈ ಕೇಳಲು ಬಂದ ಮೈದುನ ಬಾಗಿಲಲ್ಲೇ ನಿಂತುಬಿಟ್ಟ. ಇಬ್ಬರ ಮುಖದ ತುಂಬ ನೊರೆ.

"ಥೂ, ನಾಚ್ಕೆ ಇಲ್ವಾ? ಹೆಂಗಸರು ಗಡ್ಡ ಮಾಡ್ಕೋತಾರಾ?"

"ನಿನ್ನ ಹಾಗೆ ಕಾಡು ಬೆಳೆಸ್ಕೊಂಡು ತಿರುಗ್ಬೇಕಿತ್ತಾ?" ಎಂದಳು ಅತ್ತೆ.

"ಬೀಗದ ಕೈ ಕೊಡಮ್ಮ. ಅಂಗಡಿ ತಗೊಳ್ಳೋನು ನಾಳೆ ಬರ್ತಾನೆ."

"ಬರಲಿ. ಬೆಂಚಿನ ಮೇಲೆ ಕಾಯಲಿ," ಎಂದಳು ಸೊಸೆ. ಮುಖ ಒರೆಸಿಕೊಂಡು, ಕತ್ತಿಗೆ ಹೊಸ ಬ್ಲೇಡು ಹಾಕಿ, ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಕೂತ್ಕೋ."

"ಯಾರು, ನಾನಾ?"

"ಹೆದರಿಕೆಯೇನೋ?" ಅತ್ತೆ ಕೇಳಿದಳು.

ಅವನು ಕೂತ. ಇದು ಹುಡುಗಾಟವಲ್ಲ, ಜನ ಏನಂತಾರೆ, ಅಣ್ಣ ಇದ್ದಿದ್ದರೆ ಎಂದೆಲ್ಲ ಹೇಳುತ್ತಲೇ ಇದ್ದ. ಸೊಸೆ ಅವನನ್ನು ಸುಮ್ಮನಿರಿಸದೆ ನೊರೆ ಬಳಿದಳು. ದವಡೆ ಆಡುವಾಗ ಕತ್ತಿಯನ್ನು ತಡೆದಳು, ನಿಂತಾಗ ಎಳೆದಳು. ಬರಬರುತ್ತ ಅವನ ಮಾತು ಚಿಕ್ಕದಾಗುತ್ತ ಹೋಯಿತು.

ಒಂದು ಕೆನ್ನೆ ಮುಗಿಯಿತು. ಅವಳು ಎಡಗೈಯ ಎರಡು ಬೆರಳನ್ನು ಅವನ ಗದ್ದಕ್ಕೆ ತಾಗಿಸಿದಳು. ಮುಖ ತಾನಾಗಿ ಇನ್ನೊಂದು ಕಡೆಗೆ ತಿರುಗಿತು.