ಸೀಟಿ ಮೇಷ್ಟ್ರ ಉಸಿರಿನ ಪರೀಕ್ಷೆ

ಫುಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತಿದ್ದ ವ್ಯಾಯಾಮದ ಮೇಷ್ಟ್ರನ್ನು ಎಲ್ಲರೂ ‘ಸೀಟಿ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಕಳೆದ ಪಂದ್ಯದಲ್ಲಿ ಫೌಲ್ ಕೊಡಲು ಸೀಟಿ ಬಾಯಿಗಿಟ್ಟರೆ ಕೆಮ್ಮು ಬಂತೇ ಹೊರತು ಸದ್ದು ಬರಲಿಲ್ಲ. ಇವರು ಕೆಮ್ಮಿ ಮುಗಿಸುವಷ್ಟರಲ್ಲಿ ಆಟಗಾರರು ಗೋಲೂ ಹೊಡೆದಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಅಕ್ಕ ತಮ್ಮನನ್ನು ಆಸ್ಪತ್ರೆಗೆ ಎಳೆದುಕೊಂಡು ಬಂದಳು.

ಮೊದಲು ಮಾಡಿದ ಊದುವ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಮೇಷ್ಟ್ರು ಎದೆಯುಬ್ಬಿಸಿದರು. “ನೋಡಿದ್ಯಾ? ಅಸ್ತಮಾನೂ ಇಲ್ಲ, ಗಿಸ್ತಮಾನೂ ಇಲ್ಲ.”

“ಇವತ್ತು ಚೆನ್ನಾಗಿದೆ ಅಷ್ಟೇ,” ಎಂದರು ಡಾಕ್ಟರು. “ನಿಮ್ಮ ಶ್ವಾಸನಾಳ ಮುಟ್ಟಿದರೆ ಮುನಿಯೋ ಥರದ್ದಾ ಅಂತ ನೋಡ್ಬೇಕು. ಒಂದು ಔಷಧಿ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಎಳ್ಕೊಳೋಕೆ ಕೊಡ್ತೀವಿ. ಸೂಕ್ಷ್ಮವಾಗಿದ್ರೆ ಬೇಗ ಬಿಗಿಯುತ್ತೆ.”

“ಹಾಗಾದ್ರೆ ಥೇಟ್ ಇವನ ಹಾಗೇ ಬಿಡಿ, ಡಾಕ್ಟ್ರೇ,” ಎಂದಳು ಅಕ್ಕ.

ಪರೀಕ್ಷೆಯ ಕೋಣೆಯಲ್ಲಿ ಟೆಕ್ನಿಷಿಯನ್ ಹುಡುಗಿ ಮೂಗಿಗೆ ಕ್ಲಿಪ್ ಹಾಕಿದಳು. ಅಕ್ಕ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡಳು. ಏನಾದರಾಗಲಿ, ಸೋಲಬಾರದು ಎಂದು ಮೇಷ್ಟ್ರು ಹಟ ತೊಟ್ಟರು. ಹಬೆಯಂಥ ಔಷಧಿ ಎಳೆದುಕೊಳ್ಳುವುದು, ಆಮೇಲೆ ಕೊಳವೆಗೆ ಜೋರಾಗಿ ಊದುವುದು. ಮೊದಲ ಸುತ್ತು ಸಲೀಸು. ಎರಡನೆಯದಕ್ಕೂ ಹೆಬ್ಬೆರಳೆತ್ತಿ ತೋರಿಸಿದರು. ಮುಂದಿನ ಸುತ್ತಿಗೆ ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಕೆಮ್ಮನ್ನು ನುಂಗಲು ಹೋಗಿ ಮುಖ ಕೆಂಪೇರಿತು.

“ಈಗಿಂದು... ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಊದ್ತೀನಿ.”

“ಬೇಡ ಸರ್. ನೀವು ಊದೋ ಉಸಿರು ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿನೇ ಇಳಿದಿದೆ. ಇಲ್ಲಿಗೆ ಸಾಕು.”

“ಇಲ್ಲಿ ಸೀಟಿ ಅವಳ ಕೈಲಿದೆ ಕಣೋ. ವಾದ ಮಾಡ್ಬೇಡ,” ಎಂದಳು ಅಕ್ಕ. ಆದರೆ ಅಷ್ಟರಲ್ಲಾಗಲೇ ತಮ್ಮನ ಬೆನ್ನ ಮೇಲೆ ಕೈಯಿಟ್ಟಿದ್ದಳು.

ಹುಡುಗಿ ಕೊಟ್ಟ ಇನ್ಹೇಲರ್ ಎಳೆದುಕೊಂಡ ಕೆಲ ಹೊತ್ತಿಗೆ ಹಗ್ಗ ಸಡಿಲವಾಯಿತು. ಉಸಿರು ತಳದವರೆಗೂ ಇಳಿಯಿತು. ಇಷ್ಟು ಹಗುರಾಗಿ ಉಸಿರಾಡಿ ತಿಂಗಳುಗಳೇ ಆದವಲ್ಲ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು.

ಡಾಕ್ಟರು ಫಲಿತಾಂಶ ನೋಡಿ, “ಅಸ್ತಮಾನೇ. ದಿನಾ ಔಷಧಿ ತಗೊಳ್ಳಿ, ಹತೋಟಿಗೆ ಬರುತ್ತೆ,” ಎಂದರು.

“ಮೈದಾನ ಬಿಡ್ಬೇಕಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ಯಾಕ್ರೀ ಬಿಡ್ತೀರಿ? ಹತೋಟಿಗೆ ಬಂದ್ಮೇಲೆ ಆರಾಮಾಗಿ ಓಡಿ.”

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು. “ಇದೇ ಭಯಾನಾ ಇಷ್ಟು ದಿನ? ನನ್ನ ಹತ್ರ ಹೇಳೋದಕ್ಕೇನಾಗಿತ್ತು?”

“ಹೇಳಿದ್ರೆ ನೀನು ನಗ್ತಿದ್ದೆ.”

“ನಗ್ತಿದ್ದೆ. ನಕ್ಕು, ಅವತ್ತೇ ಕರ್ಕೊಂಡು ಬರ್ತಿದ್ದೆ.”